ಬೇಸಿಗೆಯ ಸಂಶೋಧನೆಗೆ ದೀಪಾವಳಿಗೇ ಸಿದ್ಧತೆ

ಪದವಿಯ ಮೊದಲ ವರ್ಷ ಮುಗಿಯುತ್ತಿದ್ದಂತೆ ಬರುವ ಬೇಸಿಗೆ ರಜೆ ಬಹುತೇಕ ವಿದ್ಯಾರ್ಥಿಗಳಿಗೆ ನೆಂಟರ ಮನೆ, ಮದುವೆ, ಕಂಪ್ಯೂಟರ್ ತರಗತಿ ಎಂದು ಕಳೆದುಹೋಗುತ್ತದೆ. ಅದೇ ವೇಳೆಗೆ ಅವರದೇ ವಯಸ್ಸಿನ ಕೆಲವರು ದೇಶದ ಹೆಸರಾಂತ ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳ ಜೊತೆ ಕೆಲಸ ಮಾಡುತ್ತಿರುತ್ತಾರೆ. ಇವರೆಲ್ಲ ಅಸಾಧಾರಣ ಪ್ರತಿಭಾವಂತರೇ ಆಗಿರಬೇಕೆಂದಿಲ್ಲ. ಸುದ್ದಿ ಅವರಿಗೆ ಸಕಾಲದಲ್ಲಿ ತಿಳಿದಿರುತ್ತದೆ, ಅಷ್ಟೆ. ತಾಲ್ಲೂಕು ಕೇಂದ್ರದ ಕಾಲೇಜಿನ ಜಾಣ ಹುಡುಗಿ ಏಪ್ರಿಲ್‌ನಲ್ಲಿ ವಿಚಾರಿಸುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ಎಂದೋ ದಾಟಿರುತ್ತದೆ.

ಎಲ್ಲೆಲ್ಲಿ ಅವಕಾಶ?

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸರ್ ಸಿ.ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ ಸಂಸ್ಥೆ. ನವದೆಹಲಿ ಮತ್ತು ಪ್ರಯಾಗರಾಜ್‌ನ ಅಕಾಡೆಮಿಗಳ ಜೊತೆಗೂಡಿ ಇದು ನಡೆಸುವ ಬೇಸಿಗೆ ಫೆಲೋಶಿಪ್‌ನಲ್ಲಿ ಆಯ್ಕೆಯಾದವರು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ದುಡಿಯುತ್ತಾರೆ. ಶಿಷ್ಯವೇತನವೂ ಉಂಟು. ಇದಕ್ಕೆ ಅರ್ಜಿ ಹಾಕಬೇಕಾದುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ರಸಾಯನಶಾಸ್ತ್ರ ಹಾಗೂ ಜೀವಶಾಸ್ತ್ರದಲ್ಲಿ ಬಿ.ಎಸ್ಸಿ. ಮೊದಲ ವರ್ಷದವರನ್ನೇ ಆರಿಸಿ, ಸತತ ಮೂರು ಬೇಸಿಗೆ ತರಬೇತಿ ಕೊಡುವ ಕಾರ್ಯಕ್ರಮಗಳನ್ನು ನಡೆಸಿಕೊಂಡು ಬಂದಿದೆ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಶಿಬಿರಗಳೂ ಪದವಿಯ ಆರಂಭದ ವರ್ಷಗಳಲ್ಲಿರುವವರಿಗಾಗಿಯೇ ರೂಪುಗೊಂಡಿವೆ. ಯಾವ ವರ್ಷದವರು ಅರ್ಹರು, ಕೊನೆಯ ದಿನ ಯಾವುದು ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಆದ್ದರಿಂದ ದೀಪಾವಳಿಯ ಹೊತ್ತಿಗೇ ಪ್ರಕಟಣೆಗಳನ್ನು ಹುಡುಕಿ ನೋಡುವುದು ಕ್ಷೇಮ.

ಆಯ್ಕೆ ಹೇಗೆ?

ಅಂಕಪಟ್ಟಿ ಮುಖ್ಯ, ಆದರೆ ಅದೊಂದೇ ಸಾಲದು. ಸಾಮಾನ್ಯವಾಗಿ ವಿದ್ಯಾರ್ಥಿಯ ಒಂದು ಕಿರುಬರಹ ಮತ್ತು ಅಧ್ಯಾಪಕರ ಶಿಫಾರಸು ಪತ್ರವನ್ನೂ ಕೇಳುತ್ತಾರೆ. 'ಚಿಕ್ಕಂದಿನಿಂದಲೂ ನನಗೆ ವಿಜ್ಞಾನವೆಂದರೆ ಪ್ರಾಣ' ಎಂದು ಯಾರು ಬೇಕಾದರೂ ಬರೆಯಬಹುದು. 'ಮನೆಯ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಕಂಡು, ಕಾಲೇಜಿನಲ್ಲಿ ಕಲಿತ ಟೈಟ್ರೇಷನ್‌ನಿಂದ ಊರಿನ ಮೂರು ಬಾವಿಗಳ ನೀರಿನ ಗಡಸುತನ ಅಳೆದೆ' ಎಂದು ಬರೆದವರ ಅರ್ಜಿಯನ್ನು ಓದುವವರು ಎರಡನೇ ಸಲ ನೋಡುತ್ತಾರೆ.

ಇದಕ್ಕೆ ದೊಡ್ಡ ಉಪಕರಣಗಳು ಬೇಕಿಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ರಾಮನ್, ಪಟ್ಟಕದ ಕೋನ ಅಳೆಯುವ ಮಾಮೂಲಿ ಪ್ರಯೋಗದಲ್ಲಿ ಕಂಡ ಬೆಳಕಿನ ಪಟ್ಟಿಗಳ ಬೆನ್ನು ಹತ್ತಿದರು. 1906ರಲ್ಲಿ, 18ನೇ ವಯಸ್ಸಿನಲ್ಲಿ, ಅದೇ ಅವರ ಮೊದಲ ಸಂಶೋಧನಾ ಪ್ರಬಂಧವಾಯಿತು.

ಶಿಫಾರಸು ಪತ್ರವನ್ನು ನಿಮ್ಮ ಹೆಸರೂ ತಿಳಿಯದ ಪ್ರಾಂಶುಪಾಲರಿಂದ ಬರೆಸುವುದಕ್ಕಿಂತ, ಪ್ರಯೋಗಾಲಯದಲ್ಲಿ ನಿಮ್ಮ ಕೆಲಸ ಕಂಡ ಉಪನ್ಯಾಸಕರಿಂದ ಬರೆಸುವುದು ಮೇಲು. ಹಿಂದಿನ ದಿನ ಹೋಗಿ ಅವರನ್ನು ಪೀಡಿಸಬೇಡಿ. ಮೂರು ವಾರ ಮೊದಲೇ ಕೇಳಿ, ನಿಮ್ಮ ಕಿರುಬರಹವನ್ನೂ ತೋರಿಸಿ.

ಪೋಷಕರಿಗೆ ಒಂದು ಮಾತು

ಎರಡು ತಿಂಗಳಲ್ಲಿ ಮಗ ಅಥವಾ ಮಗಳು ವಿಜ್ಞಾನಿಯಾಗಿ ಮರಳುವುದಿಲ್ಲ. ಮೊದಲ ವಾರಗಳು ಓದುವುದರಲ್ಲಿ, ಗಾಜಿನ ಸಾಮಾನು ತೊಳೆಯುವುದರಲ್ಲಿ, ಕೈಕೊಟ್ಟ ಪ್ರಯೋಗವನ್ನು ಮತ್ತೆ ಮಾಡುವುದರಲ್ಲಿ ಕಳೆದರೆ ಅಚ್ಚರಿಯಿಲ್ಲ. ಸಂಶೋಧನೆ ಎಂದರೆ ಹೆಚ್ಚು ಪಾಲು ಇದೇ. ಇದು ತನಗೆ ಒಗ್ಗುತ್ತದೆಯೇ ಇಲ್ಲವೇ ಎಂಬುದು ಹತ್ತೊಂಬತ್ತರಲ್ಲೇ ತಿಳಿದರೆ ಮುಂದಿನ ಐದಾರು ವರ್ಷಗಳ ದಾರಿ ಸ್ಪಷ್ಟವಾಗುತ್ತದೆ. ವಸತಿ ವ್ಯವಸ್ಥೆ, ಪ್ರಯಾಣದ ಖರ್ಚು, ಪರೀಕ್ಷೆಯ ದಿನಾಂಕ ಇವನ್ನು ಮೊದಲೇ ವಿಚಾರಿಸಿಕೊಳ್ಳಿ. ಕೇವಲ ಪ್ರಮಾಣಪತ್ರಕ್ಕಾಗಿ ಸಾವಿರಾರು ರೂಪಾಯಿ ಕೇಳುವ 'ಇಂಟರ್ನ್‌ಶಿಪ್'ಗಳಿಂದ ದೂರವಿರಿ.

ಮೊದಲ ಸಲ ಆಯ್ಕೆಯಾಗದಿದ್ದರೆ? ನಿಮ್ಮ ಕಾಲೇಜಿನ ಉಪನ್ಯಾಸಕರೊಬ್ಬರನ್ನು ಕೇಳಿ, ರಜೆಯಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡಿ, ದಿನವೂ ಟಿಪ್ಪಣಿ ಇಡಿ. ಮುಂದಿನ ವರ್ಷದ ಅರ್ಜಿಯಲ್ಲಿ ಬರೆಯಲು ಆ ಟಿಪ್ಪಣಿ ಪುಸ್ತಕದಲ್ಲೇ ಬೇಕಾದಷ್ಟಿರುತ್ತದೆ.