‘ಎಣ್ಣಿ’ ಎಂದರೆ ಯಂತ್ರ ಏನೆಂದು ತಿಳಿಯಬೇಕು?

ತುಂಗಭದ್ರಾ ಎಡದಂಡೆ ನಾಲೆಯ ನೀರುಣ್ಣುವ ಸಿಂಧನೂರು ತಾಲ್ಲೂಕು ಭತ್ತದ ಸೀಮೆ. ಅಲ್ಲಿನ ತುರ್ವಿಹಾಳದ ರೈತನೊಬ್ಬ ವೈದ್ಯರೆದುರು ಕುಳಿತು, ‘ಎಣ್ಣಿ ಹೊಡದೀನ್ರಿ, ತಲಿ ತಿರುಗಾಕ ಹತ್ತೈತ್ರಿ’ ಎಂದನೆನ್ನಿ. ಗದ್ದೆಗೆ ಕೀಟನಾಶಕ ಸಿಂಪಡಿಸಿದೆ ಎಂಬುದು ಅವನ ಮಾತಿನ ಅರ್ಥ. ಬೆಂಗಳೂರಿನ ಆಡುನುಡಿಯಲ್ಲಾದರೋ ಅದೇ ಮಾತಿಗೆ ಮದ್ಯ ಸೇವಿಸಿದೆ ಎಂಬ ಅರ್ಥ. ಆ ಭಾಗದ ವೈದ್ಯರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಯಂತ್ರಕ್ಕೆ?

ಈ ಪ್ರಶ್ನೆಗೆ ಈಗ ಕಾರಣವಿದೆ. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶವ್ಯಾಪಿಯಾದಂದಿನಿಂದ ರೋಗಿಯ ದಾಖಲೆಗಳನ್ನು 14 ಅಂಕಿಗಳ ಆರೋಗ್ಯ ಸಂಖ್ಯೆಗೆ ಜೋಡಿಸುವ ಕೆಲಸ ಸಾಗಿದೆ. ವೈದ್ಯರ ಟಿಪ್ಪಣಿಗಳಿಂದ ರೋಗಲಕ್ಷಣ, ಔಷಧಗಳನ್ನು ಹೆಕ್ಕಿ ತೆಗೆಯುವ, ಸಂಭಾಷಣೆಯನ್ನು ಆಲಿಸಿ ತಾನೇ ಟಿಪ್ಪಣಿ ಬರೆಯುವ ತಂತ್ರಾಂಶಗಳೂ ಬಂದಿವೆ. ಸಿಂಪಡಣೆಯ ಕಾಲದಲ್ಲಿ ಯಾವ ಹೋಬಳಿಯಲ್ಲಿ ವಿಷಬಾಧೆ ಹೆಚ್ಚಿತೆಂದು ಇವು ತ್ವರಿತವಾಗಿ ತಿಳಿಸಬಲ್ಲವು. ಆದರೆ ‘ಎಣ್ಣಿ’ ಮದ್ಯವೆಂದು ದಾಖಲಾದರೆ ಆ ಎಣಿಕೆಯೇ ಸುಳ್ಳಾಗುತ್ತದೆ. ಅಟ್ರೋಪಿನ್ ಬೇಕಾದ ರೋಗಿಗೆ ಕುಡುಕನೆಂಬ ಹಣೆಪಟ್ಟಿ ಬೀಳುತ್ತದೆ.

ತೊಡಕು ಪದಗಳದ್ದಷ್ಟೇ ಅಲ್ಲ, ವ್ಯಾಕರಣದ್ದೂ ಹೌದು. ಟಿಪ್ಪಣಿಯಲ್ಲಿ ಹೆಸರಿಸಿದ ಲಕ್ಷಣ ರೋಗಿಗೆ ಇದೆಯೋ ಇಲ್ಲವೋ ಎಂದು ಗುರುತಿಸುವ ‘ನೆಗೆಕ್ಸ್’ ಎಂಬ ಸರಳ ವಿಧಾನವನ್ನು ವೆಂಡಿ ಚಾಪ್‌ಮನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ನಿಷೇಧದ ಪದ ಸಾಮಾನ್ಯವಾಗಿ ರೋಗಲಕ್ಷಣಕ್ಕಿಂತ ಮೊದಲು ಬರುತ್ತದೆ. ಕನ್ನಡದಲ್ಲಿ ಅದು ವಾಕ್ಯದ ಕೊನೆಗೆ, ಕ್ರಿಯಾಪದದೊಳಗೇ ಬೆರೆತಿರುತ್ತದೆ. ‘ಜ್ವರ ಬಂದಿಲ್ಲ’ ಎಂದರೆ ಜ್ವರವಿಲ್ಲ. ‘ಜ್ವರ ಬಿಟ್ಟಿಲ್ಲ’ ಎಂದರೆ ಜ್ವರವಿದೆ. ‘ಇಲ್ಲ’ವನ್ನಷ್ಟೇ ನೋಡುವ ಯಂತ್ರ ಎರಡನ್ನೂ ಒಂದೇ ಎಂದು ಬರೆದೀತು.

ವೈದ್ಯರು ಇಂಗ್ಲಿಷಿನಲ್ಲಿಯೇ ಬರೆಯುವಾಗ ಈ ಚಿಂತೆಯೇಕೆ ಎನ್ನಬಹುದು. ಆದರೆ ರೋಗಿ ಹೇಳುವುದು ಕನ್ನಡದಲ್ಲಿ. ಆ ಮಾತನ್ನು ಇಂಗ್ಲಿಷಿಗಿಳಿಸುವ ಹೊಣೆ ಇಂದು ವೈದ್ಯರದು. ನಾಳೆ ಅದು ಯಂತ್ರದ್ದಾಗಲಿದೆ. ಕೇಂದ್ರ ಸರ್ಕಾರದ ‘ಭಾಷಿಣಿ’ 2022ರಿಂದ ಕನ್ನಡಕ್ಕೂ ಅನುವಾದ ಸೌಲಭ್ಯ ಒದಗಿಸುತ್ತಿದೆಯಾದರೂ, ಗ್ರಂಥಸ್ಥ ಕನ್ನಡ ಬಲ್ಲ ಮಾತ್ರಕ್ಕೆ ‘ದಮ್ಮು ಹತ್ತೈತಿ’ ಎಂಬ ಏದುಸಿರಿನ ಅಳಲು ಅರ್ಥವಾಗದು.

ಆದ್ದರಿಂದ ರಾಯಚೂರು ಸೀಮೆಯ ರೋಗನುಡಿಗಳ ಕೋಶವೊಂದು ಮೊದಲು ಸಿದ್ಧವಾಗಬೇಕು. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆ ಇದರ ಮುಂದಾಳತ್ವ ವಹಿಸಬಹುದು. ಆಶಾ ಕಾರ್ಯಕರ್ತೆಯರಷ್ಟು ಈ ನುಡಿ ಬಲ್ಲವರು ಬೇರೆ ಯಾರಿದ್ದಾರೆ? ರೋಗಿಯ ಸಮ್ಮತಿ ಪಡೆದು, ಹೆಸರು ಅಳಿಸಿ ಮಾತುಗಳನ್ನು ಸಂಗ್ರಹಿಸಬೇಕು. ಯಂತ್ರದ ಬರಹ ಕರಡಾಗಿಯೇ ಉಳಿದು, ವೈದ್ಯರ ಸಹಿಯ ನಂತರವಷ್ಟೇ ದಾಖಲೆಯಾಗಬೇಕು. ಅದರ ಪಕ್ಕದಲ್ಲಿ ರೋಗಿ ಆಡಿದ ಮಾತು ಅವನದೇ ನುಡಿಯಲ್ಲಿ ಇರಬೇಕು. ತಪ್ಪಾದಾಗ ತಿದ್ದಿಕೊಳ್ಳಲು ನಮಗೆ ಉಳಿಯುವ ಸಾಕ್ಷ್ಯ ಅದೊಂದೇ.