ಪೆಟ್ರೋಲಿಗೂ ಒಂದು ಪೆಟ್ಟಿ ಕ್ಯಾಷ್

ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಎಂಜಿನ್‌ಗೆ ಸಿಗದೆ ಹೋಗುತ್ತದೆಯೇ? ರೇಸ್ ಟ್ರ್ಯಾಕಿನಲ್ಲಿ ಹೋಗುತ್ತದೆ. ನಿಸಾನ್ ಸಿಲ್ವಿಯಾದಂಥ ಟರ್ಬೊ ಕಾರು ಉದ್ದನೆಯ ತಿರುವಿನಲ್ಲಿ ವೇಗವಾಗಿ ಸಾಗುವಾಗ ಪೆಟ್ರೋಲೆಲ್ಲ ಟ್ಯಾಂಕಿನ ಒಂದು ಬದಿಗೆ ಸರಿಯುತ್ತದೆ. ಪೆಟ್ರೋಲ್ ಕಡಿಮೆ ಇದ್ದರೆ ಪಂಪ್ ಗಾಳಿ ಎಳೆಯುತ್ತದೆ. ಪೂರೈಕೆ ತಪ್ಪಿದ ಟರ್ಬೊ ಎಂಜಿನ್ನಿನಲ್ಲಿ ಬಿಸಿ ಏರಿ ಪಿಸ್ಟನ್ನೇ ಕರಗಬಹುದು.

ಇದಕ್ಕೆ ಪರಿಹಾರ ಸರ್ಜ್ ಟ್ಯಾಂಕ್. ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ಮಾಮು ಇದನ್ನು ‘ಛೋಟಿ ಟಂಕಿ’ ಅನ್ನುತ್ತಾರೆ. ಕಾಮರ್ಸ್ ಓದುವ ನನಗೆ ಇದು ಪೆಟ್ಟಿ ಕ್ಯಾಷ್‌ನಂತೆ ಕಾಣುತ್ತದೆ: ಮುಖ್ಯ ಕ್ಯಾಷಿಯರ್ ತುಂಬಿಸುತ್ತಿರುತ್ತಾರೆ, ಖರ್ಚೆಲ್ಲ ಚಿಕ್ಕ ಪೆಟ್ಟಿಗೆಯಿಂದ.

ಸಾಮಾನ್ಯವಾಗಿ 1ರಿಂದ 3 ಲೀಟರ್ ಹಿಡಿಯುವ ಎತ್ತರದ ಡಬ್ಬಿ ಇದು. ದೊಡ್ಡ ಟ್ಯಾಂಕಿನ ಪಂಪ್ ಇದನ್ನು ಸದಾ ತುಂಬಿಸುತ್ತದೆ. ಡಬ್ಬಿಯ ತಳದಿಂದ ಎರಡನೇ ಪಂಪ್ ಸುಮಾರು 3 ಬಾರ್ ಒತ್ತಡದಲ್ಲಿ ಇಂಜೆಕ್ಟರ್‌ಗಳಿಗೆ ಕಳಿಸುತ್ತದೆ. ಎಂಜಿನ್ ಬಳಸದೆ ಉಳಿದದ್ದು ಡಬ್ಬಿಗೇ ವಾಪಸ್. ನಾಲ್ಕನೇ ಪೈಪ್ ಮಾತ್ರ ಡಬ್ಬಿಯ ಮೇಲ್ತುದಿಯಲ್ಲೇ ಇರಬೇಕು. ಹೆಚ್ಚಾದ ಪೆಟ್ರೋಲ್, ಜೊತೆಗೆ ಬಂದ ಗಾಳಿ ಎರಡೂ ಅದರಿಂದ ದೊಡ್ಡ ಟ್ಯಾಂಕಿಗೆ ಹೋಗುತ್ತವೆ. ಅದು ಕಟ್ಟಿಕೊಂಡರೆ ಡಬ್ಬಿಯಲ್ಲಿ ಒತ್ತಡ ಏರುತ್ತದೆ.

ರಸ್ತೆಯ ಕಾರಿಗೆ ಇದೆಲ್ಲ ಬೇಡ. ಕಂಪನಿಯ ವಿನ್ಯಾಸ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕೂಡ ಅಡ್ಡ ಬರುತ್ತದೆ.

ಹಲವರು ಡಬ್ಬಿಯನ್ನು ಡಿಕ್ಕಿಯಲ್ಲಿ ಕೂರಿಸುತ್ತಾರೆ. ಆಗ ಸೀಟಿಗೂ ಡಿಕ್ಕಿಗೂ ನಡುವೆ ಸಂದಿಲ್ಲದ ಲೋಹದ ಗೋಡೆ ಬೇಕು. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಪೆಟ್ರೋಲಿಗೆಂದೇ ಮಾಡಿದ ಹೋಸ್ ಬಿಟ್ಟು ಅಗ್ಗದ ಪೈಪ್ ಹಾಕುವುದನ್ನು ನಾನಂತೂ ಉಳಿತಾಯದ ಲೆಕ್ಕಕ್ಕೆ ಬರೆಯುವುದಿಲ್ಲ. ಎಂಜಿನ್ ಚಾಲೂ ಮಾಡುವ ಮೊದಲು ಪಂಪ್‌ಗಳನ್ನಷ್ಟೇ ಓಡಿಸಿ, ಒಂದೊಂದು ಜೋಡಣೆಯನ್ನೂ ಒಣಬಟ್ಟೆಯಿಂದ ಒರೆಸಿ ಸೋರಿಕೆ ನೋಡಬೇಕು.