ಸೊಸೈಟಿಯ ಹಳೇ ಕಂಪ್ಯೂಟರಿಗೂ ಸಾಲ ಉಂಟು

ನಮ್ಮಲ್ಲಿ ಸೊಸೈಟಿ ಸಾಲ ಇಲ್ಲದ ಅಧ್ಯಾಪಕರನ್ನು ಹುಡುಕುವುದು ಕಷ್ಟ. ಮನೆ ರಿಪೇರಿಗೆ, ಮಗಳ ಮದುವೆಗೆ, ಸ್ಕೂಟರಿಗೆ ಅಂತ ತೆಗೆದಿರ್ತೇವೆ. ಕೆಲವರಿಗೆ ಕಂತನ್ನು ಸಂಬಳದಲ್ಲೇ ಹಿಡಿಯುತ್ತಾರೆ, ನಿವೃತ್ತರು ಮತ್ತು ರಜೆಯಲ್ಲಿರುವವರು ಕೌಂಟರಿನಲ್ಲಿ ಕಟ್ಟುತ್ತಾರೆ. ಆದರೆ ನಿಮ್ಮ ಸಾಲದ ಲೆಕ್ಕ ಇಡುವ ಆ ಸಾಫ್ಟ್‌ವೇರೇ ಸಾಲದಲ್ಲಿ ಮುಳುಗಿರಬಹುದು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ, ನಮ್ಮ ಸೊಸೈಟಿಯ ಆಡಳಿತ ಮಂಡಳಿಯಲ್ಲಿ ಹೋಗಿ ಕೂರುವ ತನಕ.

ಅಲ್ಲಿ ಮೂಲೆಯಲ್ಲಿ ಒಂದು ಕಂಪ್ಯೂಟರ್ ಉಂಟು. ಅದಕ್ಕೆ ಹೂವಿನ ಬಟ್ಟೆಯ ಹೊದಿಕೆ. ಸುಮಾರು 2001ರಲ್ಲಿ ಪೇಟೆಯ ಹುಡುಗನೊಬ್ಬ ವಿಷುವಲ್ ಫಾಕ್ಸ್‌ಪ್ರೋದಲ್ಲಿ ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ ಅದರಲ್ಲಿದೆ. ಹುಡುಗ ಗಲ್ಫಿಗೆ ಹೋಗಿ ವರ್ಷಗಳಾದವು. ಫಾಕ್ಸ್‌ಪ್ರೋಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲವೂ 2015ಕ್ಕೆ ನಿಂತಿತು. ಪ್ರೋಗ್ರಾಂ ಮಾತ್ರ ಓಡ್ತಾ ಇದೆ. ಅದರೊಳಗೆ ಬಡ್ಡಿ ದರವನ್ನು ಏಳು ಕಡೆ ಬರೆದಿದ್ದಾನೆ ಅಂತ ಗೊತ್ತಿದ್ದದ್ದು ನಮ್ಮ ಗುಮಾಸ್ತರೊಬ್ಬರಿಗೇ. ಒಮ್ಮೆ ದರ ಇಳಿದಾಗ ಅವರು ರಜೆಯಲ್ಲಿದ್ದರು. ಬೇರೆಯವರು ಆರು ಕಡೆ ತಿದ್ದಿ ಒಂದನ್ನು ಬಿಟ್ಟುಬಿಟ್ಟರು. ಟೀಚರೊಬ್ಬರಿಂದ ಎಂಟು ತಿಂಗಳು ಹೆಚ್ಚು ಬಡ್ಡಿ ಹಿಡಿದಾಯಿತು. ಕೊನೆಗೆ ಅವರೇ ಮಗನ ಹಳೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿ ತಂದು ಮೇಜಿನ ಮೇಲಿಟ್ಟರು. ನಮಗೆ ತಲೆ ಎತ್ತಲಾಗಲಿಲ್ಲ.

ಈ ಸ್ಥಿತಿಗೆ ಒಂದು ಹೆಸರಿದೆ, ‘ತಾಂತ್ರಿಕ ಸಾಲ’. ಸಾಲದ ಈ ಹೋಲಿಕೆಯನ್ನು 1992ರಲ್ಲಿ ಕೊಟ್ಟವರು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಂ. ಅವರ ತಂಡ ಬರೆಯುತ್ತಿದ್ದದ್ದೂ ಹಣಕಾಸಿನ ಸಾಫ್ಟ್‌ವೇರೇ. ಕೆಲಸ ಬೇಗ ಆಗಲಿ ಅಂತ ಮೊದಲ ಸಲ ಬರೆದದ್ದನ್ನು ಹಾಗೇ ಬಳಕೆಗೆ ಬಿಡುವುದು ಸಾಲ ತೆಗೆದಂತೆ, ತಪ್ಪೇನಲ್ಲ. ಬೇಗ ಕೂತು ಅದನ್ನು ಸರಿಯಾಗಿ ತಿರುಗಿ ಬರೆದರೆ ಸಾಲ ತೀರಿತು. ಬರೆಯದೆ ಬಿಟ್ಟರೆ ಆಮೇಲಿನ ಪ್ರತಿಯೊಂದು ತಿದ್ದುಪಡಿಗೂ ಹೆಚ್ಚು ಹೊತ್ತು ಬೇಕಾಗ್ತದೆ. ಆ ಹೆಚ್ಚಿನ ಹೊತ್ತೇ ಬಡ್ಡಿ. ನಮ್ಮ ಏಳು ಕಡೆಯ ತಿದ್ದುಪಡಿ ಇದೆಯಲ್ಲ, ಅದೇ.

ಆ ಹುಡುಗನನ್ನು ದೂರಬೇಡಿ ಮತ್ತೆ. ಸದಸ್ಯರ ಹೆಸರು ಕನ್ನಡದಲ್ಲೇ ಬರಬೇಕು ಅಂತ ಹಟ ಹಿಡಿದವರು ನಮ್ಮ ಹಿರಿಯರು. ವಿಂಡೋಸ್ 98ರಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡ ಇದ್ದರೂ ವಿಂಡೋಸ್‌ಗೆ ಅದು ಬಂದದ್ದು ಎಕ್ಸ್‌ಪಿ ಜೊತೆಗೆ. ಹಾಗಾಗಿ ಆ ಕಾಲದ ಫಾಂಟ್‌ಗಳು ಒಂದು ಉಪಾಯ ಮಾಡಿದವು. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಚಿತ್ರ ಕೂರಿಸಿದವು. ಫಾಂಟ್ ಇದ್ದರೆ ‘ಕನ್ನಡ’ ಕಾಣುತ್ತದೆ. ಇಲ್ಲದಿದ್ದರೆ ಪಿ, ತಲೆಗೆ ಗೆರೆ ಎಳೆದ ಎ, ನಡುವೆ ಬ್ರಿಟನ್ನಿನ ಪೌಂಡಿನ ಚಿಹ್ನೆ! ನಿಮ್ಮ ಹಳೇ ಪ್ರಶ್ನೆಪತ್ರಿಕೆಯನ್ನು ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ತೆರೆದಾಗ ಇದನ್ನು ನೋಡಿಯೇ ಇರ್ತೀರಿ. ಅಂದು ಅದು ಜಾಣತನದ ಸಾಲವೇ ಆಗಿತ್ತು. ತೀರಿಸದೆ ಕೂತದ್ದು ನಾವು.

ಗುಮಾಸ್ತರ ನಿವೃತ್ತಿಗೆ ಒಂದು ವರ್ಷ ಇತ್ತು. ಓಣಂ ರಜೆಯ ಹತ್ತು ದಿನದಲ್ಲಿ ಹಳೆಯದನ್ನು ತೆಗೆದು ಹೊಸತು ಕೂರಿಸಿಬಿಡುವಾ ಅಂತ ಮಂಡಳಿಯಲ್ಲಿ ಹೆಚ್ಚಿನವರ ಅಭಿಪ್ರಾಯ. ನಾನು ಆಗ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕತೆ ಹೇಳಿದೆ.

ಟಿಎಸ್‌ಬಿ ಮೊದಲು ಲಾಯ್ಡ್ಸ್ ಬ್ಯಾಂಕಿನ ಭಾಗ. ಬೇರೆಯಾದ ಮೇಲೂ ಲಾಯ್ಡ್ಸ್‌ನ ಕಂಪ್ಯೂಟರ್ ವ್ಯವಸ್ಥೆಗೇ ಬಾಡಿಗೆ ಕಟ್ಟಿ ಬಳಸುತ್ತಿತ್ತು. 2015ರಲ್ಲಿ ಅದನ್ನು ಕೊಂಡ ಸ್ಪೇನಿನ ಸಬಾಡೆಲ್ ಬ್ಯಾಂಕು ತನ್ನದೇ ಹೊಸ ವ್ಯವಸ್ಥೆ ಕಟ್ಟಿಸಿತು. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ 50 ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಹೆಚ್ಚುಕಡಿಮೆ ಒಟ್ಟಿಗೇ ಅದಕ್ಕೆ ಸಾಗಿಸಿದರು. ಎಂತ ಆಯ್ತು ಗೊತ್ತಾ? ಲೆಕ್ಕದ ಮಾಹಿತಿ ಸರಿಯಾಗಿಯೇ ತಲುಪಿತು. ಆದರೆ ಜನ ನುಗ್ಗಿದಾಗ ಹೊಸ ವ್ಯವಸ್ಥೆ ಕುಸಿಯಿತು. ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯೊಳಗೇ ಹೋಗಲಾಗಲಿಲ್ಲ, ಕೆಲವರಿಗೆ ಬೇರೆಯವರ ಖಾತೆ ಕಾಣಿಸಿತು. ಎಲ್ಲವೂ ಸರಿಹೋಗುವಾಗ ಡಿಸೆಂಬರ್. ಆಮೇಲಿನ ತನಿಖೆಯಲ್ಲಿ ಗೊತ್ತಾಯಿತು, ಎರಡು ಡೇಟಾ ಕೇಂದ್ರಗಳಿದ್ದರೂ ಭಾರ ಹೊರುವ ಪರೀಕ್ಷೆಯನ್ನು ಮಾಡಿದ್ದು ಒಂದರಲ್ಲಿ ಮಾತ್ರ. 2022ರಲ್ಲಿ ಬಿದ್ದ ದಂಡ 4 ಕೋಟಿ 86 ಲಕ್ಷ ಪೌಂಡಿಗೂ ಮೇಲೆ.

“ನಮ್ಮದು ಅಷ್ಟು ದೊಡ್ಡದಲ್ಲವಲ್ಲ ಮಾಷ್ಟ್ರೇ” ಅಂದರು ಅಧ್ಯಕ್ಷರು. ಹೌದು. ಆದರೆ ಅಷ್ಟು ದೊಡ್ಡವರಿಗೆ ಇರುವ ಹಣವೂ ನಮಗೆ ಇಲ್ಲವಲ್ಲ!

ಹಾಗಾದರೆ ದಾರಿ? ಅದನ್ನು ನಾವು ಪಾಠದಲ್ಲಿ ಹೇಳಿಯೇ ಇರ್ತೇವೆ. ತಾಳೆಮರದ ತಲೆಯಲ್ಲಿ ಹುಟ್ಟಿದ ಗೋಳಿಯನ್ನು ನೆನಪಿಸಿಕೊಳ್ಳಿ. ಹಣ್ಣು ತಿಂದ ಹಕ್ಕಿ ಬೀಜವನ್ನು ತಾಳೆಯ ಗರಿಬುಡದಲ್ಲಿ ಬಿಡ್ತದೆ. ಅಲ್ಲಿ ಕಸ, ತೇವ ಇರುವುದರಿಂದ ಮೊಳಕೆ ಬರ್ತದೆ. ಬೇರುಗಳು ಕಾಂಡವನ್ನು ತಬ್ಬಿಕೊಂಡು ಇಳಿಯುತ್ತವೆ. ನೆಲ ಮುಟ್ಟಿದ ಮೇಲೆ ದಪ್ಪವಾಗಿ ಒಂದಕ್ಕೊಂದು ಬೆಸೆದು ಬಲೆಯಾಗುತ್ತವೆ. ಗೋಳಿ ತನ್ನ ಕಾಲ ಮೇಲೆ ನಿಲ್ಲುವ ತನಕ ಅದನ್ನು ಹೊತ್ತದ್ದು ಹಳೇ ಮರವೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮಳೆಕಾಡಿನಲ್ಲಿ ಇಂಥದೇ ಅತ್ತಿಜಾತಿಯ ಮರ ಕಂಡ ಮಾರ್ಟಿನ್ ಫೌಲರ್ 2004ರಲ್ಲಿ ಬರೆದರು: ಹಳೇ ಸಾಫ್ಟ್‌ವೇರನ್ನು ಬದಲಿಸುವುದೂ ಹೀಗೇ ಆಗಬಹುದು, ಹಳೆಯದು ಓಡುತ್ತಿರುವಾಗಲೇ ಅದರ ಸುತ್ತ ಹೊಸತು ಒಂದೊಂದೇ ಬೇರು ಇಳಿಸಲಿ. ‘ಸ್ಟ್ರ್ಯಾಂಗ್ಲರ್ ಫಿಗ್’ ಎಂಬ ಹೆಸರೇ ಆ ಪದ್ಧತಿಗೆ ನಿಂತಿತು. ತಾಳೆಮರದ ಬಗ್ಗೆ ನನಗೆ ಕನಿಕರ ಉಂಟು, ಫಾಕ್ಸ್‌ಪ್ರೋ ಬಗ್ಗೆ ಅಷ್ಟಿಲ್ಲ.

ನಾವು ಮೊದಲು ರಶೀದಿಯನ್ನು ಮಾತ್ರ ಹೊಸತಕ್ಕೆ ತಂದೆವು. ಆಮೇಲೆ ಠೇವಣಿ. ಪ್ರತಿ ಸಲವೂ ಮೂರು ತಿಂಗಳು ಎರಡೂ ಕಡೆ ಲೆಕ್ಕ, ಸಂಜೆ ತಾಳೆ ನೋಡುವುದು. ಗುಮಾಸ್ತರಿಗೆ ದುಪ್ಪಟ್ಟು ಕೆಲಸ, ಬೈದರು ಕೂಡಾ.

ಹೆಸರುಗಳನ್ನು ಯೂನಿಕೋಡಿಗೆ ತರುವಾಗ ‘ಪಾರ್ವತಿ’ ಎಲ್ಲ ‘ಪಾವರ್ತಿ’ ಆದರು. ಕಾರಣ ಮಕ್ಕಳಿಗೆ ಹೇಳುವಂಥದ್ದು. ಹಳೇ ಫಾಂಟ್ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ‘ವ’ ಆದ ಮೇಲೆ ಇಡ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ‘ರ್’ ಅನ್ನು ಮೊದಲು ಇಡ್ತದೆ. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಬೇಕು, ನಮ್ಮದು ಸರಿಸಲಿಲ್ಲ. ಮರುದಿನ ಅದನ್ನು ಸರಿಪಡಿಸಿಕೊಂಡೆವು.

ಸಾಲದ ಭಾಗ ಶುರುವಾದದ್ದು ಮೇ ತಿಂಗಳಲ್ಲಿ. ಎರಡು ತಿಂಗಳ ನಂತರ ಜೂನ್ ಲೆಕ್ಕ ಹೊಂದಲಿಲ್ಲ. ಕಂತು ತಡವಾದ ಹದಿನಾಲ್ಕು ಮಂದಿಗೆ ಹೊಸ ಪ್ರೋಗ್ರಾಂ ದಂಡಬಡ್ಡಿ ಹಾಕಿತ್ತು, ಹಳೆಯದು ಹಾಕಿರಲಿಲ್ಲ. ಹಳೆಯದರಲ್ಲೇ ದೋಷ ಅಂದೆವು ನಾವು. ಸಂಕೇತವನ್ನು ಸಾಲುಸಾಲಾಗಿ ಓದಿದಾಗ ಸಿಕ್ಕಿತು: ತಿಂಗಳು ಆರು ಆದರೆ ದಂಡ ಸೊನ್ನೆ. ಬೈಲಾದಲ್ಲಿ ಇಲ್ಲ, ಯಾವ ನಿರ್ಣಯ ಪುಸ್ತಕದಲ್ಲೂ ಸಿಗಲಿಲ್ಲ. ಕೊನೆಗೆ ಮಾಜಿ ಕಾರ್ಯದರ್ಶಿಯವರ ಮನೆಗೆ ಹೋಗಿ ಕೇಳಿದೆವು. ಅವರು ನಕ್ಕರು. ಶಾಲೆ ತೆರೆಯುವ ತಿಂಗಳು, ಎಲ್ಲರ ಮನೆಯಲ್ಲೂ ಪುಸ್ತಕ, ಕೊಡೆ, ಸಮವಸ್ತ್ರದ ಖರ್ಚು. ಆ ತಿಂಗಳು ಯಾರಿಗೂ ದಂಡ ಬೇಡ ಅಂತ ಬಾಯಿಮಾತಿನಲ್ಲಿ ಅವರೇ ಹುಡುಗನಿಗೆ ಹೇಳಿದ್ದರಂತೆ.

ಓಣಂ ರಜೆಯಲ್ಲಿ ಒಂದೇ ಸಲ ಬದಲಿಸಿದ್ದರೆ ಆ ಒಂದು ಸಾಲು ಬಟ್ಟೆಯ ಹೊದಿಕೆಯ ಜೊತೆಗೇ ಗುಜರಿಗೆ ಹೋಗ್ತಿತ್ತು. ಹದಿನಾಲ್ಕು ಮಂದಿಯೂ ಸುಮ್ಮನೆ ದಂಡ ಕಟ್ಟುತ್ತಿದ್ದರು. ಈಗ ಅದನ್ನು ಮಹಾಸಭೆಯ ನಿರ್ಣಯ ಮಾಡಿ ಪುಸ್ತಕದಲ್ಲಿ ಬರೆದಿದ್ದೇವೆ, ಹೊಸ ಪ್ರೋಗ್ರಾಂನಲ್ಲೂ ಒಂದೇ ಒಂದು ಕಡೆ. ಹಳೇ ಕಂಪ್ಯೂಟರಿನಲ್ಲಿ ಉಳಿದಿರುವುದು ಇನ್ನು ಜಾಮೀನಿನ ಲೆಕ್ಕ ಮಾತ್ರ. ನಿವೃತ್ತರಾದ ಗುಮಾಸ್ತರು ಅದಕ್ಕೋಸ್ಕರ ಶನಿವಾರ ಬೆಳಿಗ್ಗೆ ಬಂದು ಕೂರ್ತಾರೆ.